ಅಪ್ಪನ ಅಂಗಿಯ ಗುಂಡಿಗಳು

ಮಂತ್ರಿಯ ಕೋಟಿನ ಕಾಲರ್ ಎಡಗಡೆ ಅರ್ಧ ಬೆರಳು ಮೇಲೆದ್ದಿದೆ, ಯಾವ ಕತ್ತೆ ಹೊಲಿದನೋ, ಅಷ್ಟು ದೊಡ್ಡ ಮನುಷ್ಯನಿಗೆ ಕನ್ನಡಿ ತೋರಿಸುವವರಿಗೂ ಗತಿಯಿಲ್ಲವೇ — ಹಿರಿಯರ ಆರೈಕೆ ಕಚೇರಿಯ ಗೋಡೆಗೆ ಅಂಟಿದ ಟೀವಿಯೊಳಗೆ ಅವನು ಹಿರಿಯರನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆ ಎನ್ನುತ್ತಿದ್ದಾನೆ, ಎದುರಿಗೆ ಕೂತವನು ಅಲ್ಲ, ಮಕ್ಕಳ ಹೊಣೆ ಎಂದು ಮೇಜು ಗುದ್ದುತ್ತಿದ್ದಾನೆ, ನಡುವೆ ಕೂತವಳು ಇಬ್ಬರಿಗೂ ಸಮನಾಗಿ ಹಲ್ಲು ಕಿರಿಯುತ್ತಿದ್ದಾಳೆ, ಆ ಮೂವರಲ್ಲಿ ಒಬ್ಬರಾದರೂ ಒಬ್ಬ ಮುದುಕನ ಚಡ್ಡಿ ಬದಲಿಸಿದವರಿದ್ದರೆ ಇತ್ತ ಬೆಂಚಿನ ಮೇಲೆ ಕಾಯುತ್ತ ಕೂತ ಈ ದರ್ಜಿ ಹೆಂಗಸು ಇವತ್ತೇ ಕತ್ತರಿ ಎಸೆದು ಹೊಲಿಗೆ ಬಿಡುತ್ತಾಳೆ. ಟೋಕನ್ ನಲವತ್ತೊಂದು ಎಂದು ಕೂಗಿದರು, ಅವಳದು ನಲವತ್ತನಾಲ್ಕು, ತೊಡೆಯ ಮೇಲೆ ಕಚೇರಿಯ ಕಾಗದ, ಅದರಲ್ಲಿ ಅಪ್ಪ ಸ್ವಾವಲಂಬಿಯಂತೆ, ಎರಡೇ ಅಂಕ ಹೆಚ್ಚಾಗಿ ಸ್ವಾವಲಂಬಿಯಂತೆ, ಆದ್ದರಿಂದ ಅವನನ್ನು ನೋಡಿಕೊಳ್ಳುವ ಆಯಾಳ ಸಂಬಳಕ್ಕೆ ಸರ್ಕಾರದ ನೆರವಿಲ್ಲವಂತೆ. ಇಷ್ಟು ದಿನ ಹೊಲಿಗೆ ಅಂಗಡಿಯ ದುಡಿಮೆಯಲ್ಲಿ ಆ ಸಂಬಳ ಇವಳೇ ಕೊಟ್ಟಳು, ಎರಡನೇ ಮೆಷಿನ್ನೂ ಮಾರಿಯಾಯಿತು, ತಿಂಗಳು ಮುಗಿದರೆ ಆಯಾ ಬರುವುದಿಲ್ಲ, ಆಮೇಲೆ ಅಪ್ಪನನ್ನು ಎತ್ತುವವಳು ಅಮ್ಮ, ಹೋದ ಸಲ ಎತ್ತಲು ಹೋಗಿ ಬಚ್ಚಲಲ್ಲಿ ಇಬ್ಬರೂ ಬಿದ್ದು ಮಣಿಕಟ್ಟು ಮುರಿದುಕೊಂಡ ಅಮ್ಮ, ಈಗಲೂ ಲೋಟ ಹಿಡಿಯಲು ಎರಡು ಕೈ ಬೇಕಾದ ಅಮ್ಮ. ಅಣ್ಣನಿಗೆ ಫೋನ್ ಮಾಡಿದರೆ, ವ್ಯವಸ್ಥೆನೇ ಸರಿ ಇಲ್ಲ ಕಣೇ, ನೀತಿ ಬದಲಾಗ್ಬೇಕು, ಒಂದು ವೀಡಿಯೊ ಕಳಿಸ್ತೀನಿ ನೋಡು ಅಂದ, ಕಳಿಸಿದ, ಐವತ್ತು ನಿಮಿಷದ ವೀಡಿಯೊ, ಅದನ್ನೇನು ಅಪ್ಪನ ಬೆನ್ನಿಗೆ ಕಟ್ಟಿ ನಿಲ್ಲಿಸಲೇ, ದೊಡ್ಡ ಮಾತಿನ ಪುಣ್ಯಾತ್ಮ, ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಅಪ್ಪ ಚೆನ್ನಾಗೇ ಇದಾನಲ್ಲ ಎಂದು ಹೇಳಿ ಹೋಗುವವನು.

ಮತ್ತೆ ಆ ಅಳತೆಯಮ್ಮ — ಅಪ್ಪನಿಗೆ ಅಂಕ ಹಾಕಲು ಕಚೇರಿಯಿಂದ ಮನೆಗೆ ಬಂದವಳಿಗೆ ಇವಳು ಇಟ್ಟ ಹೆಸರು — ಟೇಪೂ ಇಲ್ಲದೆ ಇಪ್ಪತ್ತು ನಿಮಿಷದಲ್ಲಿ ಒಂದು ಜೀವವನ್ನು ಅಳೆದು ಹೋದಳು, ಇವಳು ಒಂದು ಪ್ಯಾಂಟಿಗೇ ಎರಡು ಸಲ ಅಳತೆ ತೆಗೆಯುತ್ತಾಳೆ. ಅಪ್ಪ ಇದ್ದ ಹಾಗೇ ಇರ್ಲಿ ಅಮ್ಮ ಎಂದು ಬಡಕೊಂಡಿದ್ದಳು, ಅಮ್ಮ ಕೇಳಿದಳೇ, ಬಂದೋರ ಮುಂದೆ ಹಂಗೆ ಕೂರಿಸ್ಲಾ ಎಂದು ನೋಯುವ ಕೈಯಲ್ಲೇ ಗಡ್ಡ ಹೆರೆದು, ತಲೆ ಬಾಚಿ, ನೀಲಿ ಅಂಗಿ ಇಸ್ತ್ರಿ ಮಾಡಿ ಕೂರಿಸಿದಳು. ನೀಲಿ ಅಂಗಿ. ಮೂವತ್ತು ವರ್ಷ ದೊಡ್ಡ ಹೋಟೆಲಿನ ಲಿಫ್ಟ್ ನಡೆಸಿದ ಅಪ್ಪ, ಕತ್ತಿನ ಗುಂಡಿ ಹಾಕದೆ ಹೊಸ್ತಿಲು ದಾಟದ ಅಪ್ಪ, ಕೈ ನಡುಗಲು ಶುರುವಾದ ಮೇಲೆ ಒಂದು ಗುಂಡಿಗೆ ಅರ್ಧ ಗಂಟೆ ಒದ್ದಾಡಿ, ನಾನೇನು ಕೂಸಾ, ಬಿಡು ಕೈನ ಎಂದು ಬೈದು, ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದ. ಆಗ ಅವಳು ಅಂಗಿಗಳ ಗುಂಡಿ ತೂರಿಸುವ ಕಾಜಗಳನ್ನೆಲ್ಲ ಹೊಲಿದು ಮುಚ್ಚಿ, ಮುಚ್ಚಿದ ಕಾಜದ ಮೇಲೆ ಸುಳ್ಳು ಗುಂಡಿ ಕೂರಿಸಿ, ಕೆಳಗೆ ಅಂಟುವ ವೆಲ್ಕ್ರೋ ಪಟ್ಟಿ ಇಟ್ಟಳು, ಒತ್ತಿದರೆ ಸಾಕು, ಮುಚ್ಚುತ್ತದೆ. ದಿನಾ ವ್ಯಾಯಾಮದ ಚೆಂಡು ಹಿಸುಕಿದ್ದಕ್ಕೆ ನಿನ್ನ ಕೈ ಹಿಡಿತ ವಾಪಸ್ ಬಂತು ನೋಡಪ್ಪ ಅಂದಳು. ಬೆಳಿಗ್ಗೆ ತಿಂದದ್ದನ್ನು ಮಧ್ಯಾಹ್ನಕ್ಕೆ ಮರೆಯುವ ಮನುಷ್ಯ ಆ ಒಂದು ಸುಳ್ಳನ್ನು ಮಾತ್ರ ಭದ್ರವಾಗಿ ಇಟ್ಟುಕೊಂಡ. ಅಳತೆಯಮ್ಮ ಕೇಳಿದಳು, ಅಂಗಿ ನೀವೇ ಹಾಕ್ಕೋತೀರಾ ಅಜ್ಜ? ಓಹೋ, ಆರೂ ಗುಂಡಿ ನಾನೇ, ನೋಡ್ತೀರಾ? ಎಂದು ಹೆಬ್ಬೆರಳಲ್ಲಿ ಕತ್ತಿನಿಂದ ಕೆಳಗೆ ಒಂದೊಂದೇ ಒತ್ತುತ್ತಾ ಬಂದ, ಲಿಫ್ಟಿನ ಗುಂಡಿ ಒತ್ತುವ ಹಾಗೆ, ನೆಟ್ಟಗೆ ಕೂತು, ಕಣ್ಣಲ್ಲಿ ಹೊಳಪು. ಅಳತೆಯಮ್ಮ ಭೇಷ್ ಎಂದು ಗುರುತು ಹಾಕಿಕೊಂಡಳು. ಬಾಗಿಲಲ್ಲಿ ನಿಂತಿದ್ದ ಇವಳು ಆಗಲೇ ಅದು ವೆಲ್ಕ್ರೋ ಎಂದು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ, ಅಪ್ಪನ ಮುಖ ನೋಡಿ ಬಿಡಲಿಲ್ಲ ಎಂದು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದಾಳೆ, ಅದೂ ಬೊಗಳೆ, ಪಟ್ಟಿ ಎಷ್ಟು ನೀಟಾಗಿ ಕೂತಿದೆ, ಅಳತೆಯಮ್ಮನಿಗೂ ಗೊತ್ತಾಗಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ್ದಳು, ಮಂತ್ರಿಯ ಕಾಲರಿಗೆ ನಗುವ ಮೂದೇವಿ, ತನ್ನ ಕೈಯಾರೆ ಅಮ್ಮನ ಬೆನ್ನು ಮುರಿಯಲು ಹೊಲಿದು ಕೊಟ್ಟವಳು.

ನಲವತ್ತನಾಲ್ಕು. ಕಿಟಕಿಯ ಹಿಂದಿನ ಗುಮಾಸ್ತ ಕಾಗದ ಓದುತ್ತಾನೆ, ತೋಳಿನ ಗುಂಡಿಯೊಂದು ದಾರದಲ್ಲಿ ನೇತಾಡುತ್ತಿದೆ. ಅವಳು ಹೇಳಿದಳು, ಎಲ್ಲವನ್ನೂ, ವೆಲ್ಕ್ರೋ, ಕಾಜ, ಸುಳ್ಳು, ಹೇಳುವಾಗ ಅಪ್ಪನ ಬಟ್ಟೆ ಬಿಚ್ಚಿ ಬೀದಿಗೆ ನಿಲ್ಲಿಸಿದಂತಾಯಿತು, ಅವನು ತಲೆ ಎತ್ತದೆ, ಅಷ್ಟೇ ತಾನೇ ಮೇಡಂ, ಮರುಪರೀಕ್ಷೆ ಹಾಕೋಣ, ಗುರುವಾರ ಬರ್ತಾರೆ, ಮಾಮೂಲಿ ಗುಂಡಿ ಇರೋ ಅಂಗಿ ಹಾಕ್ಸಿ ಅಂದ. ಕೈ ನಡುಗೋದು ಡಾಕ್ಟರೇ ಬರೆದು ಕೊಟ್ಟಿದ್ದಾರಲ್ಲ, ಅದು ಸಾಲಲ್ವಾ ಎಂದಳು. ಚೀಟಿ ನಡೆಯಲ್ಲ ಮೇಡಂ, ನಮ್ಮೋರು ಕಣ್ಣಾರೆ ನೋಡ್ಬೇಕು, ನಿಮ್ಮ ತಂದೆ ಕೈಲಿ ಆಗ್ಬಾರ್ದು, ಆಗ್ಲಿಲ್ಲ ಅಂದ್ರೆ ನೆರವು ಬಂತು ಅಂತ್ಲೇ ಲೆಕ್ಕ. ನೀವು ಕೈ ಹಾಕೋ ಹಾಗಿಲ್ಲ, ಬಾಯೂ ಹಾಕೋ ಹಾಗಿಲ್ಲ, ಇಲ್ಲಿ ಸೈನ್ ಮಾಡಿ. ಮುದುಕನೊಬ್ಬ ಸೋಲುವುದನ್ನು ನೋಡಲು ದಿನ ಗೊತ್ತು ಮಾಡಿ ಬರುತ್ತಾರಂತೆ, ಥೂ, ಅದನ್ನು ನೀತಿ ಎಂದು ಟೀವಿಯಲ್ಲಿ ಕೊಚ್ಚುತ್ತಾರೆ, ಥೂ — ಎನ್ನುತ್ತಲೇ ಸೈನ್ ಮಾಡಿದಳು, ಪೆನ್ನು ಸರಿಯಾಗಿ ಬರೆಯಲಿಲ್ಲ, ಇನ್ನೊಮ್ಮೆ ಮಾಡಿದಳು. ಅಮ್ಮನ ಮಣಿಕಟ್ಟು ಉಳಿಯಿತು, ಉಳಿಯುತ್ತದೆ, ಗುರುವಾರಕ್ಕೆ ಮೂರು ದಿನ, ಬೀರುವಿನ ತಳದಲ್ಲಿ ಹಳೆಯ ಬಿಳಿ ಅಂಗಿ ಒಂದಿದೆ, ಅದರ ಕಾಜ ಮುಚ್ಚಿಲ್ಲ, ಅದನ್ನೇ ತೊಡಿಸಬೇಕು, ಆವತ್ತೂ ಅಪ್ಪ ಖುಷಿಯಾಗಿಯೇ ಕೂರುತ್ತಾನೆ, ಮತ್ತೆ ಬಂದ್ರಾ, ನೋಡ್ತೀರಾ ಎನ್ನುತ್ತಾನೆ, ಕತ್ತಿನ ಗುಂಡಿಗೆ ಹೆಬ್ಬೆರಳು ಇಟ್ಟು ಒತ್ತುತ್ತಾನೆ, ಗುಂಡಿಯನ್ನು ಕಾಜಕ್ಕೆ ತೂರಿಸಬೇಕು ಎಂಬುದೇ ಅವನಿಗೆ ಮರೆತುಹೋಗಿದೆ, ಅಂಗಿ ತೆರೆದುಕೊಳ್ಳುತ್ತದೆ, ಇನ್ನೂ ಜೋರಾಗಿ ಒತ್ತುತ್ತಾನೆ, ತೆರೆದುಕೊಳ್ಳುತ್ತದೆ, ಅಳತೆಯಮ್ಮನನ್ನಲ್ಲ, ಬಾಗಿಲಲ್ಲಿ ನಿಂತ ಮಗಳನ್ನು ನೋಡುತ್ತಾನೆ, ನೋಡುತ್ತಲೇ ಒತ್ತುತ್ತಾನೆ, ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಒತ್ತುತ್ತಾನೆ, ಆ ಉಗುರು, ಬೆಳ್ಳಗೆ —