ವೇದಾಳ ಕಡೆಗೆ ಬಾರದ ಚೆಂಡು

ವೇದಾಳ ಬೆನ್ನಿನ ತೀರಾ ಕೆಳಗಿನ ಒಂದು ಮೂಳೆ ಹುಟ್ಟುವಾಗಲೇ ಹಿಂದುಗಡೆ ಪೂರ್ತಿ ಕೂಡಿಕೊಂಡಿರಲಿಲ್ಲ. ನಲವತ್ತು ದಾಟುವವರೆಗೂ ಆ ಸಂಗತಿ ಅವಳಿಗೆ ಗೊತ್ತಿರಲಿಲ್ಲ, ಮೂಳೆಯೂ ಹೇಳಿಕೊಂಡಿರಲಿಲ್ಲ. ವಿಮಾ ಕಚೇರಿಯ ಕುರ್ಚಿಯಲ್ಲಿ ದಿನವಿಡೀ ಕೂತು ಎದ್ದಾಗ ಸೊಂಟ ಹಿಡಿದುಕೊಳ್ಳುತ್ತಿತ್ತೆಂದು ಎಕ್ಸ್‌ರೇ ತೆಗೆಸಿದಳು. ಆಗ ಗುಟ್ಟು ರಟ್ಟಾಯಿತು.

ಹಲಸೂರಿನ ಡಾಕ್ಟರಮ್ಮ ಎಕ್ಸ್‌ರೇ ನೋಡಿ ನಕ್ಕರು. "ಇದು ಎಷ್ಟೋ ಜನಕ್ಕೆ ಇರುತ್ತಮ್ಮ, ಗೊತ್ತೇ ಆಗಲ್ಲ. ನರಕ್ಕೇನೂ ತೊಂದರೆ ಇಲ್ಲ. ನಡೀರಿ, ಆಡಿ, ಬೆನ್ನಿಗೆ ಬಲ ಬರೋ ವ್ಯಾಯಾಮ ಮಾಡಿ. ಕೂತೇ ಇರ್ಬೇಡಿ, ಅಷ್ಟೇ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಂಡ ಸುದರ್ಶನ್ ಎಕ್ಸ್‌ರೇ ಕವರು ಹಿಡಿದುಕೊಂಡು ಜೀವನ್ ಬಿಮಾ ನಗರದ ಮನೆಯ ಗೇಟು ತೆಗೆಯುವಾಗ ಮನೆ ಮಾಲೀಕರಾದ ಮುನಿಆಂಜನಪ್ಪ ಎದುರಿಗೇ ನಿಂತಿದ್ದರು. ಎಕ್ಸ್‌ರೇ ಕಂಡರೆ ಅದನ್ನು ಬಿಸಿಲಿಗೆ ಹಿಡಿದು ನೋಡದೆ ನಮ್ಮ ಜನಕ್ಕೆ ಜೀವ ತಡೆಯುತ್ತದೆಯೇ?

"ಅಯ್ಯೋ, ಇಲ್ಲಿ ಮೂಳೇನೇ ಇಲ್ವಲ್ಲಪ್ಪಾ!"

"ಸಾರ್, ತಲೆಕೆಳಗು ಹಿಡಿದಿದ್ದೀರ."

ಅವರು ತಿರುಗಿಸಿ ಹಿಡಿದರು. "ಈಗ್ಲೂ ಇಲ್ಲ!"

ಸಂಜೆಯ ಹೊತ್ತಿಗೆ ವೇದಾಳಿಗೆ ಬೆನ್ನುಮೂಳೆಯೇ ಇಲ್ಲವೆಂಬ ಸುದ್ದಿ ರಸ್ತೆಯ ಕೊನೆ ಮುಟ್ಟಿತು. ಮರುದಿನದಿಂದ ಅವಳಿಗೆ ಎಲ್ಲೆಲ್ಲೂ ಕುರ್ಚಿ. ಅಂಗಡಿಯ ಖಾದರ್ ಅಕ್ಕಿ ಮೂಟೆಯ ಹಿಂದಿನಿಂದ ತಾನು ಕೂರುವ ಸ್ಟೂಲನ್ನೇ ತಂದು, ಟವೆಲ್ಲಿನಿಂದ ಒರೆಸಿ ಇಟ್ಟ. ಹೂವಿನವಳು ಬುಟ್ಟಿ ಸರಿಸಿ ಕಟ್ಟೆಯ ಮೇಲೆ ಜಾಗ ಮಾಡಿದಳು. ಮುನಿಆಂಜನಪ್ಪನವರ ಹೆಂಡತಿ ಅಕ್ಕಯಮ್ಮ ದಿನಾ ಬೆಳಿಗ್ಗೆ ಒಂದು ಚೊಂಬು ರಾಗಿ ಅಂಬಲಿ ಕಳಿಸಿದರು: "ಕುಡೀಲಿ ಮಗು, ಮೂಳೆ ಬೆಳೀಲಿ." ಅಂಬಲಿ ಬಹಳ ಚೆನ್ನಾಗಿರುತ್ತಿತ್ತು. ಮೂಳೆ ಬೆಳೆಯಲಿಲ್ಲ, ವೇದಾ ಬೆಳೆದಳು.

ಪ್ರೀತಿಯಿಂದ ಇಟ್ಟ ಕುರ್ಚಿಯನ್ನು ಬೇಡವೆನ್ನುವುದು ಹೇಗೆ? ಕೂರುತ್ತಿದ್ದಳು. ಕೂತರೆ ಸೊಂಟ ಹಿಡಿಯುತ್ತಿತ್ತು. ಏಳುವಾಗ ಅವಳು ಸೊಂಟಕ್ಕೆ ಕೈಕೊಟ್ಟಿದ್ದನ್ನು ಕಂಡವರು, "ಪಾಪ, ನೋಡಿ" ಎಂದು ಇನ್ನೂ ಮೆತ್ತಗಿನ ಕುರ್ಚಿ ಹುಡುಕಿ ತರುತ್ತಿದ್ದರು.

ಇಷ್ಟನ್ನೂ ಸಹಿಸಿಕೊಂಡಾಳು. ಥ್ರೋಬಾಲು ಬಿಡುವುದು ಮಾತ್ರ ಅವಳಿಂದಾಗದು. ದಿನಾ ಸಂಜೆ ಮೈದಾನದಲ್ಲಿ ಹೆಂಗಸರೊಂದಿಗೆ ಚೆಂಡು ಎಸೆದಾಡಿದರೆ ದಿನದ ಬಿಗಿಯೆಲ್ಲ ಸಡಿಲವಾಗುತ್ತಿತ್ತು. ಈಗ ನೋಡಿದರೆ ಕಲ್ಯಾಣ ನಗರದವರ ಜೊತೆ ರಾಜ್ಯೋತ್ಸವದ ಪಂದ್ಯ. ನಾಯಕಿ ಗಂಗಲಕ್ಷ್ಮಮ್ಮ ಈ ಕಡೆಯ ಹಳೇ ಊರಿನವರು. ಅರವತ್ತಾದರೂ ಸೀರೆ ಸೊಂಟಕ್ಕೆ ಸಿಕ್ಕಿಸಿ ನಿಂತರೆ ಎದುರಿಗಿನವರ ಎದೆ ಡವಗುಟ್ಟಬೇಕು. ಅವರೂ ಮೆತ್ತಗೆ ಹೇಳಿಬಿಟ್ಟರು: "ವೇದಾ, ನೀನು ಸ್ಕೋರ್ ಬರೀತಾ ಕೂತ್ಕೊಳಮ್ಮ."

"ಗಂಗಕ್ಕ, ಕೂತ್ರೇನೇ ನಂಗೆ ನೋವು!"

"ದಿಂಬು ತರಿಸ್ತೀನಿ ಬಿಡು."

ವೇದಾ ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. "ಧಾರಾಳವಾಗಿ ಆಡ್ಲಿ. ಮೊದಲು ಸ್ವಲ್ಪ ಮೈ ಸಡಿಲ ಮಾಡ್ಕೊಂಡು ಇಳೀಲಿ" ಎಂದರು ಡಾಕ್ಟರಮ್ಮ. ಗಂಗಲಕ್ಷ್ಮಮ್ಮ ಸ್ಕೋರ್ ಪುಸ್ತಕವನ್ನು ಬೇರೊಬ್ಬಳ ಕೈಗಿತ್ತರು.

ಪಂದ್ಯದ ದಿನ ವೇದಾ ಎಡಗಡೆಯ ಮೂಲೆಯಲ್ಲಿ ನಿಂತಳು. ಆಟ ಶುರುವಾಯಿತು. ಚೆಂಡು ಬಲಕ್ಕೆ ಬಂತು, ನಡುವೆ ಬಂತು, ಮತ್ತೆ ಬಲಕ್ಕೆ ಬಂತು. ವೇದಾ ಕೈಚಾಚಿ ನಿಂತಿದ್ದಷ್ಟೇ ಬಂತು. ಕಲ್ಯಾಣ ನಗರದ ಮುಖ್ಯ ಆಟಗಾರ್ತಿ ಸಾಲೇಹಾ, ವೇದಾಳ ಕಚೇರಿಯಲ್ಲಿ ಪಕ್ಕದ ಮೇಜಿನವಳು, ಒಮ್ಮೆ ಎಡಕ್ಕೆ ಗುರಿಯಿಟ್ಟವಳು ವೇದಾಳನ್ನು ಕಂಡು ಕೈ ತಿರುಗಿಸಲು ಹೋಗಿ ಚೆಂಡನ್ನು ನೆಟ್ಟಿಗೇ ಹೊಡೆದಳು.

ಗಂಗಲಕ್ಷ್ಮಮ್ಮ ಇಂಥದ್ದು ಕಾಣದವರೇ? ಉಳಿದವರನ್ನೆಲ್ಲ ಬಲಕ್ಕೆ ಎಳೆದು ನಿಲ್ಲಿಸಿದರು. "ಆ ಕಡೆ ಅವ್ರು ಹಾಕಲ್ಲ. ವೇದಾ, ನೀನು ಹಂಗೇ ನಿಂತಿರು ಕಣಮ್ಮ, ಏನೂ ಮಾಡ್ಬೇಡ!"

ಪಾಯಿಂಟಿನ ಮೇಲೆ ಪಾಯಿಂಟು ಬಂತು. ಚಪ್ಪಾಳೆಯೋ ಚಪ್ಪಾಳೆ. ಅರ್ಧ ಅಂಗಳವನ್ನು ಒಬ್ಬಳೇ ಕಾಯುತ್ತಾ ವೇದಾ, ಹೊಸ ಕಟ್ಟಡದ ಮುಂದೆ ನೇತುಹಾಕಿದ ದೃಷ್ಟಿಬೊಂಬೆಯ ಹಾಗೆ ನಿಂತಿದ್ದಳು. ಗೆದ್ದರೆ ಬಹುಮಾನದ ಲೋಟ ತನ್ನ ಕೈಗೂ ಬರುತ್ತದೆ, ನಿಜ. ಅದರಲ್ಲಿ ಕುಡಿದ ಕಾಫಿ ಗಂಟಲಲ್ಲಿ ಇಳಿದೀತೇ?

ಅವಳು ನೆಟ್ಟಿನ ಹತ್ತಿರ ನಡೆದಳು. "ಸಾಲೇಹಾ, ನಂಗ್ಯಾಕೆ ಹಾಕ್ತಿಲ್ಲ?"

"ಅರೆ, ನಿಂದು ಬ್ಯಾಕ್ ಪ್ರಾಬ್ಲಂ ಅಲ್ವಾ! ಆ ಕಡೆ ಯಾರೂ ಹಾಕ್ಬೇಡಿ ಅಂತ ನಮ್ಮೋರಿಗೆಲ್ಲ ನಾನೇ ಹೇಳಿದೀನಿ."

ಸಾಲೇಹಾಳ ಮುಖದಲ್ಲಿ ಸೋಲಿನ ಬೇಸರವಿರಲಿಲ್ಲ. ಗೆಳತಿಗಾಗಿ ಸೋಲುತ್ತಿರುವ ಸಮಾಧಾನವಿತ್ತು. ಅದನ್ನು ಕಂಡು ವೇದಾಳ ಸಿಟ್ಟು ಅರ್ಧ ಇಳಿಯಿತು.

"ನಿನ್ನ ಮನಸ್ಸು ದೊಡ್ಡದು ಕಣೇ. ಆದ್ರೆ ಆಡು ಅಂತ ಡಾಕ್ಟ್ರೇ ಹೇಳಿದ್ದಾರೆ. ನೀನು ಹಾಕದೇ ಇದ್ರೆ ನಾನು ಆಡೋದೆಲ್ಲಿ ಬಂತು?"

"ಏನಾದ್ರೂ ಆದ್ರೆ?"

"ಎಲ್ರಿಗೂ ಏನಾಗುತ್ತೋ ನಂಗೂ ಅದೇ ಆಗುತ್ತೆ. ಹಾಕೇ!"

ಸಾಲೇಹಾ ಹಿಂದೆ ಸರಿದಳು. ದುಪಟ್ಟಾ ಬಿಗಿದಳು. ಬಂತು ನೋಡಿ ಚೆಂಡು! ವೇದಾಳ ಬೆರಳ ಸಂದಿಯಿಂದ ಜಾರಿ ಹಿಂದೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದನ್ನು ಹಿಡಿದಳು, ಅಂಗೈ ಚುರ್ರೆಂದಿತು. ಹಿಡಿದದ್ದೇ ತಡ, ತಿರುಗಿ ಬೀಸಿದಳು. ಅದು ಸಾಲೇಹಾಳ ಕಾಲಬಳಿ ಬಿದ್ದಿತು. "ಶಭಾಷ್!" ಎಂದು ಕೂಗಿದವಳೂ ಸಾಲೇಹಾಳೇ.

ಆಮೇಲೆ ಚೆಂಡೆಲ್ಲ ಖಾಲಿ ಬಿದ್ದಿದ್ದ ಎಡಕ್ಕೇ ಬರತೊಡಗಿತು. ಗಂಗಲಕ್ಷ್ಮಮ್ಮ ಎಲ್ಲರನ್ನೂ ಮತ್ತೆ ಹರಡಿ ನಿಲ್ಲಿಸುವಷ್ಟರಲ್ಲಿ ಎರಡೂ ಕಡೆಯ ಅಂಕ ಸಮವಾಗಿತ್ತು. ಕೊನೆಯ ಚೆಂಡು ವೇದಾಳಿಗೂ ಗಂಗಲಕ್ಷ್ಮಮ್ಮನಿಗೂ ನಡುವೆ ಇಳಿಯಿತು. ಇಬ್ಬರೂ ಮುಂದೆ ಬಂದರು, ಇಬ್ಬರೂ ನಿಂತರು. ಚೆಂಡು ನೆಲಕ್ಕೆ ಬಿತ್ತು. ಕಲ್ಯಾಣ ನಗರ ಗೆದ್ದಿತು.

"ಏನೇ ಅಮ್ಮಣ್ಣಿ, ಕೈಗೆ ಎಣ್ಣೆ ಹಚ್ಕೊಂಡು ಬಂದಿದ್ಯಾ? ಬಾ ಬಾ ಅಂತ ಚೆಂಡನ್ನ ಕರೆದೋಳು ನೀನೇ, ಬಂದಾಗ ಹಿಡಿಯೋಕೇನು ದಾಡಿ?" ಗಂಗಲಕ್ಷ್ಮಮ್ಮನ ಕಂಠ ಮೈದಾನದಾಚೆಯ ರಸ್ತೆಗೂ ಕೇಳಿಸಿತು.

ಗಾಬರಿಯಾದ ಸುದರ್ಶನ್ ಓಡಿಬಂದ. "ಗಂಗಮ್ಮನೋರೇ, ಬೈಬೇಡಿ, ಅವಳ ಬೆನ್ನು..."

"ನೀವು ಸುಮ್ನಿರ್ರೀ!" ಎಂದಳು ವೇದಾ.

"ಬೆನ್ನಿನ ಮಾತ್ಯಾರು ಆಡಿದ್ರು? ಕೈ ಮಾತು ಆಡ್ತಿರೋದು ನಾನು!" ಎಂದರು ಗಂಗಲಕ್ಷ್ಮಮ್ಮ.

"ಅದು ನಿಮ್ಮ ಚೆಂಡು ಗಂಗಕ್ಕ. ನಿಮ್ಮ ಬಲಗೈ ಹತ್ರ ಬಂದಿದ್ದು!"

"ನನ್ನ ಚೆಂಡಾ? ಯಾರ್ನಾದ್ರೂ ಕೇಳೋಣ ಬಾ!"

ಇಬ್ಬರೂ ಚೆಂಡು ಬಿದ್ದ ಜಾಗ ತೋರಿಸುತ್ತಾ, ಸಾಕ್ಷಿಗೆ ಸಾಲೇಹಾಳನ್ನೇ ಎಳೆದುಕೊಂಡು ಹೊರಟರು.