ಸುರಿದ ಮೇಲೆ ನೋಡಿದ ಲೆಕ್ಕ

"ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣ್ರಿ" ಎಂದು ಡೈರಿಯ ಸಭೆಯಲ್ಲಿ ಉಷಾರಾಣಿ ಹೇಳಿದ್ದೇ ತಡ, ಉಚ್ಚಂಗಮ್ಮನ ಕೆಲಸ ಹೋಯಿತು.

ಹಿರೇಗುಂಟನೂರಿನಿಂದಾಚೆಯ ಆ ಹಳ್ಳಿಯಲ್ಲಿ ಹಾಲು ಅಳೆದು, ಅದರ ಜಿಡ್ಡಿನಂಶದ ಫ್ಯಾಟು ನೋಡಿ, ಮನೆಮನೆಯ ಚೀಟಿಗೆ ಬರೆಯುತ್ತಿದ್ದವಳು ಉಚ್ಚಂಗಮ್ಮ. ಹಾಲನ್ನು ಫ್ಯಾಟಿನಿಂದ ಗುಣಿಸಿ ತಿಂಗಳಿಡೀ ಕೂಡಿಸುವುದು ಕಂಪ್ಯೂಟರಿನ ಪಾಲು. ಅದಕ್ಕೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟವಳು ಚಿತ್ರದುರ್ಗದ ಕಾಲೇಜಿನಲ್ಲಿ ಪಾಠ ಹೇಳುವ ಊರಿನ ಮಗಳು ಉಷಾರಾಣಿ. ೨೦೦೮ರ ಬೇಸಿಗೆಯಲ್ಲಿ ಚೀಟಿಗಳ ಮೊತ್ತ ಹೆಚ್ಚು, ಕಂಪ್ಯೂಟರಿನದು ಕಡಿಮೆ ಬಂತು. ಬೇಕಾದವರಿಗೆ ಹೆಚ್ಚು ಬರೆದಿದ್ದಾಳೆ ಕಳ್ಳಿ, ಎಂದರು ಜನ.

ಉಷಾರಾಣಿ ತನ್ನ ಪ್ರೋಗ್ರಾಂ ತೆಗೆದು ನೋಡಿದ್ದು ಆಮೇಲೆ. ಮೊತ್ತ ಕಂಪ್ಯೂಟರಿನ ಖಾನೆ ಹಿಡಿಯುವ ಮಿತಿ ಮೀರಿತೇ ಎಂಬುದನ್ನು ಅದು ಕೂಡಿಸಿದ ಮೇಲೆ ನೋಡುತ್ತಿತ್ತು. ಮಿತಿ ಮೀರಿದರೆ ಏನಾಗಬೇಕೆಂದು ಸಿ ಭಾಷೆ ಹೇಳುವುದೇ ಇಲ್ಲ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಹಳೆಯ ಕಂಪೈಲರ್ ಹೇಗೋ ನಿಭಾಯಿಸಿತ್ತು. ಈ ವರ್ಷದ ಹೊಸದು, ಮೀರುವ ಮಾತೇ ಇಲ್ಲವೆಂದುಕೊಂಡು ಆ ತಪಾಸಣೆಯನ್ನೇ ಕಿತ್ತುಹಾಕಿತ್ತು; ಮೊತ್ತ ಕಡಿಮೆ ಬಂದದ್ದು ಅದಕ್ಕೇ. ಕ್ಯಾನು ತುಂಬಿ ಚೆಲ್ಲಿದ ಮೇಲೆ ಬಗ್ಗಿ ನೋಡುವ ಹಾಗೆ ಬರೆದಿಟ್ಟಿದ್ದಳು ಮಹಾತಾಯಿ! ಸುರಿಯುವ ಮುಂಚೆಯೇ ಜಾಗ ಇದೆಯೇ ಎಂದು ನೋಡುವಂತೆ ತಿದ್ದಿದಳು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಲೆಕ್ಕ ಸರಿಹೋದರೆ ಎಲ್ಲವೂ ಸರಿಹೋಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮುಂದಿನ ತಿಂಗಳು ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅಂದು ಬೆಳಿಗ್ಗೆ ಉಷಾರಾಣಿ ಡೈರಿಗೆ ಬಂದಾಗ ಸೆಕ್ರೆಟರಿ ಸಣ್ಣಪ್ಪ ಬೀಗುತ್ತಿದ್ದ.

"ನೋಡಿದ್ರಾ ಮೇಡಂ? ಆಯಮ್ಮನ್ನ ತೆಗೆದು ಬೋರಕ್ಕನ್ನ ಹಾಕಿದ್ಮೇಲೆ ಲೆಕ್ಕ ಸರಿ ಆತು. ನಿಮ್ ಕಂಪ್ಯೂಟರ್ ಕಳ್ಳೀನ ಹಿಡಿದಾಕ್ತು!"

ಉಷಾರಾಣಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಾನು ಗುಟ್ಟಾಗಿ ತಿದ್ದಿದ್ದೇ ಆ ಹೆಂಗಸಿನ ಮೇಲಿನ ಆರೋಪಕ್ಕೆ ಸಾಕ್ಷಿಯಾಗಿತ್ತು. ಸಾಲಿನಲ್ಲಿ ತನ್ನ ಮನೆಯ ಹಾಲು ಹಿಡಿದು ಉಚ್ಚಂಗಮ್ಮ ನಿಂತಿದ್ದಳು, ತಲೆ ತಗ್ಗಿಸಿ.

"ನನ್ ಕೈಯೇ ತಪ್ಪಿತ್ತೇನೋ ಉಷಮ್ಮ" ಎಂದಳು. "ಕಣ್ಣು ಮಂಜಾಗೈತೆ ಅನ್ಸತ್ತೆ. ಈಗ ಸರಿ ಆತಲ್ಲ, ಬಿಡು."

ಉಷಾರಾಣಿ ಅವಳ ಹತ್ತಿರ ಸರಿದು, ಸಣ್ಣಪ್ಪನಿಗೆ ಕೇಳದಂತೆ, "ನಿನ್ ಕಣ್ಣು ಸರಿಯಾಗೇ ಐತೆ ಕಣಕ್ಕ. ತಪ್ಪಿದ್ದು ನನ್ ಪ್ರೋಗ್ರಾಂ. ನೀನು ಬರ್ದಿದ್ದೆಲ್ಲ ಸರಿ ಇತ್ತು" ಎಂದಳು.

ಉಚ್ಚಂಗಮ್ಮ ಮೆಲ್ಲಗೆ ತಲೆಯೆತ್ತಿದಳು.

"ಅವತ್ತು ಊರ ಮುಂದೆ ಹೇಳ್ದೆ" ಎಂದಳು. "ಇವತ್ತು ಯಾಕಮ್ಮ ಕಿವೀಲಿ ಹೇಳ್ತೀಯಾ?"