ತಲೆಕೆಳಗಾದ ಪಟ್ಟಿ

ಸಂದರ್ಶನವಂತೆ, ಸಂದರ್ಶನ! ಹತ್ತು ಗಂಟೆಗೆ ಬನ್ನಿ ಎಂದವರು ಹನ್ನೊಂದೂವರೆಯಾದರೂ ಒಳಗೆ ಕರೆಯಲಿಲ್ಲ. ಪಕ್ಕದ ಕೋಣೆಯಲ್ಲಿ ಹೊಸಬರಿಗೆ ತರಬೇತಿ ನಡೆದಿತ್ತು; ಐದು ನಿಮಿಷಕ್ಕೊಮ್ಮೆ ಚಪ್ಪಾಳೆ. ಅಂಥ ಘನಂದಾರಿ ಕೆಲಸ ಏನು ಮಾಡಿದರೋ, ದೇವರೇ ಬಲ್ಲ.

ಅವನು ಇಸ್ತ್ರಿ ಅಂಗಿ ಮುದುರದಂತೆ ನೆಟ್ಟಗೆ ಕುಳಿತಿದ್ದ. ಇಪ್ಪತ್ತೆಂಟು ವರ್ಷ ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆ ಜೋಡಿಸಿದ ಕೈ ಅವನದು. ಅಕ್ಷರಗಳನ್ನು ತಲೆಕೆಳಗಾಗಿ ಓದುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅಚ್ಚುಕೂಟ ಬಾಗಿಲು ಹಾಕಿ ನಾಲ್ಕು ತಿಂಗಳಾಗಿತ್ತು, ಆ ವಿದ್ಯೆ ಯಾರಿಗೂ ಬೇಕಿರಲಿಲ್ಲ. ಅಂಥದ್ದರಲ್ಲಿ ವಿಮಾ ಕಂಪನಿಯವರು ತಾವಾಗಿಯೇ ಫೋನ್ ಮಾಡಿದ್ದರು. "ನೋಡು, ನನ್ನನ್ನೇ ಹುಡುಕ್ಕೊಂಡು ಬಂದಿದಾರೆ" ಎಂದು ಬೆಳಿಗ್ಗೆ ಹೆಂಡತಿಯ ಮುಂದೆ ಬೀಗಿದ್ದ. ಅವಳು ಅಂಗಿಗೆ ಗುಂಡಿ ಹೊಲಿಯುತ್ತ, "ಮೊದ್ಲು ಸಂಬಳ ಎಷ್ಟು ಅಂತ ಕೇಳಿ. ಎಲ್ಲದಕ್ಕೂ ಹೂಂ ಅಂದ್ಕೊಂಡು ಬರ್ಬೇಡಿ" ಎಂದಿದ್ದಳು.

ಕೊನೆಗೂ ಮ್ಯಾನೇಜರ್ ಕರೆದ. ವಯಸ್ಸು ಮಗನದು, ಉಪದೇಶ ಮಾತ್ರ ಅಜ್ಜನದು.

"ಸಂಬಳ ಎಷ್ಟು ಸರ್?"

"ಸಂಬಳ ಅಂತ ಯಾಕೆ ನಿಮ್ಮನ್ನ ನೀವೇ ಕಟ್ಟಿ ಹಾಕ್ಕೋತೀರಾ? ಇಲ್ಲಿ ನೀವೇ ಯಜಮಾನ್ರು."

"ಸರಿ, ಯಜಮಾನ್ರಿಗೆ ತಿಂಗಳಿಗೆ ಎಷ್ಟು?"

"ಪಾಲಿಸಿ ಮಾಡಿಸಿದಷ್ಟು ಕಮಿಷನ್."

"ಮಾಡಿಸದಿದ್ರೆ?"

"ಶುರುವಿನಲ್ಲೇ ಯಾಕೆ ಸರ್ ಅಪಶಕುನ" ಎನ್ನುತ್ತ ಮ್ಯಾನೇಜರ್ ಒಂದು ಹಾಳೆ ತಳ್ಳಿದ. ನೂರು ಖಾಲಿ ಸಾಲು. ನೆಂಟರಿಷ್ಟರ ಹೆಸರು, ಫೋನ್ ನಂಬರು, ಸ್ವಭಾವ.

ಏನು ಕೆಲಸ ಬರುತ್ತೆ ಎಂದು ಒಂದು ಮಾತು ಕೇಳಬಾರದೇ ಈ ಮಹಾನುಭಾವ! ಆದರೂ ಬರೆಯಲು ಕುಳಿತ. ಚಿಕ್ಕಮ್ಮ, ಷಡ್ಡಕ, ಎದುರುಮನೆ ದರ್ಜಿ, ಹೋದ ವರ್ಷ ಹಲ್ಲು ಕಿತ್ತ ಡಾಕ್ಟರು. ಹತ್ತೊಂಬತ್ತಕ್ಕೆ ಬಂಡಿ ನಿಂತಿತು. ತಲೆಯೆತ್ತಿದರೆ ಮ್ಯಾನೇಜರನ ಮುಂದೆ ಅಂಥದ್ದೇ ಒಂದು ತುಂಬಿದ ಹಾಳೆ. ದುಂಡನೆಯ ಆ ಅಕ್ಷರ ಭಾವಮೈದನದು. ಹೋದ ತಿಂಗಳು ಯಾವುದೋ ಕಂಪನಿ ಸೇರಿ, ವಾರಕ್ಕೇ ಬಿಟ್ಟು ಬಂದ ಭೂಪ; ಅದು ಇದೇ ಎಂದು ಈಗ ತಿಳಿಯಿತು. ನಲವತ್ತೊಂದನೆಯ ಸಾಲನ್ನು ಇವನು ಕುಳಿತಲ್ಲಿಂದಲೇ ತಲೆಕೆಳಗಾಗಿ ಓದಿದ: 'ಭಾವ. ಕೆಲಸ ಹೋಗಿದೆ. ಬೇಡ ಅನ್ನೋಕೆ ಬರಲ್ಲ.'

ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಯಾರೂ ಅವನನ್ನು ಹುಡುಕಿರಲಿಲ್ಲ. ಬರೆದದ್ದು ಸುಳ್ಳೆನ್ನಲೂ ಬಾಯಿಲ್ಲ. ಆ ಭಾವಮೈದ ಮೂರು ಸಲ ಮನೆ ಬದಲಾಯಿಸಿದಾಗಲೂ ಬೀರು ಹೊತ್ತವನು ಇವನೇ ತಾನೆ!

"ಬರೀರಿ ಸರ್, ನೂರು ಆಗ್ಲೇಬೇಕು" ಎಂದ ಮ್ಯಾನೇಜರ್. "ಆಮೇಲೆ ಮೊದಲ್ನೇ ಪಾಲಿಸಿ ನಿಮ್ಮ ಹೆಸರಲ್ಲೇ. ಎಲ್ರೂ ಹಾಗೇ ಶುರು ಮಾಡೋದು."

ಹೂಂ ಎನ್ನುವುದು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡು, ತಾನು ಬರೆದ ಹಾಳೆಯನ್ನು ಮಡಿಚಿ ಜೇಬಿಗಿಟ್ಟ.

"ಬೇಡ."

"ಏನು ಬೇಡ ಸರ್?"

"ಪಾಲಿಸೀನೂ ಬೇಡ, ಈ ಕೆಲಸಾನೂ ಬೇಡ."

ಎದ್ದವನು ಬಾಗಿಲವರೆಗೆ ಹೋಗಿ ತಿರುಗಿ ಬಂದ. ಪೆನ್ನು ತೆಗೆದು ಮೇಜಿನ ಮೇಲೆ ಬಗ್ಗಿದ. ಭಾವಮೈದನ ಪಟ್ಟಿಯನ್ನು ತನ್ನತ್ತ ತಿರುಗಿಸದೆ, ನಲವತ್ತೊಂದನೆಯ ಸಾಲಿನಲ್ಲಿ 'ಬರಲ್ಲ' ಎಂಬುದನ್ನು ಹೊಡೆದುಹಾಕಿದ. ಅದರ ಮೇಲೆ, ಮ್ಯಾನೇಜರನ ಕಣ್ಣಿಗೆ ನೆಟ್ಟಗೆ ಕಾಣುವಂತೆ, ತನ್ನ ಕಡೆಯಿಂದ ತಲೆಕೆಳಗಾಗಿ, ನಿಧಾನಕ್ಕೆ ಬರೆದ: 'ಬರುತ್ತೆ.'